ರಾಯ್ಸ್‌ನ ತಲೆಯ ಅಳತೆಗೆ ಇಳಿದ ಟಾಪು

ಆಯಿಲ್‌ಡೇಲ್, ಕ್ಯಾಲಿಫೋರ್ನಿಯಾ
ಭಾನುವಾರ, ೩ ನವೆಂಬರ್ ೧೯೭೪

ಪ್ರೀತಿಯ ಮಗ ಡೆಲ್ಬರ್ಟ್‌ಗೆ,

ಆರೋಗ್ಯವಾಗಿದ್ದೀಯಾ? ಹಲ್ಲುನೋವು ಕಡಿಮೆಯಾಯಿತೇ? ಅಲ್ಲಿಯ ಹಲ್ಲಿನ ಡಾಕ್ಟರ ಕೈ ನಡುಗುತ್ತದೆ, ನೋಯುವ ಹಲ್ಲು ಬಿಟ್ಟು ಪಕ್ಕದ್ದನ್ನು ಕಿತ್ತುಬಿಟ್ಟ ಎಂದು ನೀನು ಬರೆದದ್ದನ್ನು ನಿನ್ನ ಅಮ್ಮ ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದಳು. ಅವಳು ಕಣ್ಣೊರೆಸಿಕೊಂಡಳು, ನನಗೆ ನಗು ಬಂತು. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನಿಗೆ ಮಂಡಿ ಹಿಡಿದುಕೊಂಡಿದೆ, ಆದರೂ ಶಾಲೆಯ ಅಡುಗೆಮನೆಯ ಕೆಲಸ ಬಿಟ್ಟಿಲ್ಲ. ಬುಧವಾರದ ಪ್ರಾರ್ಥನೆಯನ್ನು ಒಂದು ವಾರವೂ ತಪ್ಪಿಸುವುದಿಲ್ಲ. ಕಷ್ಟದಲ್ಲಿರುವವರ ಹೆಸರು ಹೇಳಿ, ಎಲ್ಲರೂ ಸೇರಿ ಪ್ರಾರ್ಥಿಸೋಣ ಎಂದು ಪಾದ್ರಿ ಕೇಳುತ್ತಾನಲ್ಲ, ಆಗ ಎಲ್ಲರಿಗಿಂತ ಮೊದಲು ಎದ್ದು ನಿಂತು ನಿನ್ನ ಹೆಸರು ಹೇಳುವವಳು ಅವಳೇ. ನಾನು ಪಕ್ಕದಲ್ಲಿ ಕೂತು ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತೇನೆ. ನಿನ್ನ ತಮ್ಮ ರಾಯ್ಸ್ ಕೂಡ ಚೆನ್ನಾಗಿದ್ದಾನೆ. ಚೆನ್ನಾಗಿದ್ದಾನೆ ಎಂದರೆ, ನಡೆಯುತ್ತಾನೆ. ಬಲಗೈಯಲ್ಲಿ ಕೋಲು, ಬೆನ್ನು ಬಗ್ಗಿಸಿ, ನೆಲದಲ್ಲಿ ಬಿದ್ದ ಮೊಳೆ ಹುಡುಕುವವನ ಹಾಗೆ ನಡೆಯುತ್ತಾನೆ. ಇನ್ನು ನೆಟ್ಟಗಾಗುವುದಿಲ್ಲ ಎಂದು ಡಾಕ್ಟರು ಬೇಸಿಗೆಯಲ್ಲೇ ಹೇಳಿಯಾಗಿದೆ. ನೀನು ಪ್ರತಿ ಪತ್ರದಲ್ಲೂ ಅವನಿಗೆ ಗುಣವಾಯಿತೇ ಎಂದು ಕೇಳುತ್ತೀಯ, ಇನ್ನು ಮುಂದೆ ಕೇಳಬೇಡ.

ನಾನು ಪತ್ರ ಬರೆಯುವವನಲ್ಲ, ಅದು ನಿನಗೆ ಗೊತ್ತು. ಅಮ್ಮ ಬರೆದದ್ದರ ಕೆಳಗೆ ಒಂದು ಗೀಟು ಎಳೆದು "ಅಪ್ಪ" ಎಂದು ಹಾಕುವುದಷ್ಟೇ ನನ್ನ ಕೆಲಸವಾಗಿತ್ತು. ಈ ಸಲ ಇಡೀ ಪತ್ರ ನಾನೇ ಬರೆಯುತ್ತಿದ್ದೇನೆ. ಅಮ್ಮ ಚರ್ಚಿಗೆ ಹೋಗಿದ್ದಾಳೆ, ನನಗೆ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಉಳಿದುಕೊಂಡೆ. ಆಗಸ್ಟಿನಲ್ಲಿ ಬಂದ ನಿನ್ನ ಪತ್ರದಲ್ಲಿ ನೀನು ಕೇಳಿದ್ದು ಮೂರು ವಿಷಯ. ಉಣ್ಣೆಯ ಕಾಲುಚೀಲ ಬೇಕೆಂದೆ. ಅದನ್ನು ಅಮ್ಮ ಆಗಲೇ ಹೆಣೆದು ಮುಗಿಸಿದ್ದಾಳೆ, ಈ ವಾರ ಬರುತ್ತದೆ. ಎರಡನೆಯದು ನಿನ್ನ ಪಿಕಪ್ಪು. ಅದರ ಕುಸಿದ ಚಾವಣಿ, ಆ ಟಾಪು, ನೆಟ್ಟಗೆ ಮಾಡಿ, ಮೊದಲಿದ್ದ ಹಾಗೇ ಎತ್ತರವಾಗಿ ನಿಲ್ಲಿಸಿಡು, ಬಂದ ಮೇಲೆ ಬಣ್ಣ ನಾನೇ ಹೊಡೆಯುತ್ತೇನೆ ಎಂದೆ. ಮೂರನೆಯದು, ಡಿಸೆಂಬರಿನಲ್ಲಿ ನಿನ್ನನ್ನು ಜೈಲಿನಿಂದ ಬಿಡುವ ಸಮಿತಿ ಕೂರುತ್ತದೆ, ಅದಕ್ಕೆ ಮುಂಚೆ ಒಬ್ಬ ಅಧಿಕಾರಿ ನಮ್ಮನ್ನು ನೋಡಲು ಬರುತ್ತಾನೆ, ಮಗನಿಗೆ ಮನೆಯಲ್ಲಿ ಜಾಗವಿದೆ ಎಂದು ಮನೆಯ ಯಜಮಾನ ಹೇಳಿದರೆ ಬಿಡುತ್ತಾರೆ, ಇಲ್ಲದಿದ್ದರೆ ಇನ್ನೂ ಎರಡು ವರ್ಷ ಅಲ್ಲೇ ಎಂದು ಬರೆದಿದ್ದೆ. "ಅಪ್ಪಾ, ಒಂದು ಮಾತು ಸಾಕು" ಎಂದು ಅದರ ಕೆಳಗೆ ಗೀಟು ಹಾಕಿದ್ದೆ. ಗೀಟು ಕಂಡಿತು. ಮೊದಲು ಪಿಕಪ್ಪಿನ ವಿಷಯ ಹೇಳಿ ಮುಗಿಸುತ್ತೇನೆ.

ನೀನು ಅದನ್ನು ಹೇಗೆ ತಂದೆ ಎನ್ನುವುದು ನೆನಪಿದೆ. ಕರ್ಬೂಜ ಬೆಳೆಯುವ ಆ ಮುದುಕನ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಗಾಡಿ. ಐವತ್ತೊಂದರ ಮಾಡೆಲ್ ಷೆವರ್ಲೆ. ನೀನೂ ರಾಯ್ಸೂ ಕೋಳಿ ಓಡಿಸಿ, ಚಕ್ರಕ್ಕೆ ಗಾಳಿ ಹೊಡೆದು, ಹಗ್ಗ ಕಟ್ಟಿ ಎಳೆದುಕೊಂಡು ಬಂದಿರಿ. ಚಾವಣಿ ತಗ್ಗಿಸಿದ ಗಾಡಿಯೇ ಊರಿನ ಶೋಕಿ, ಹುಡುಗರೆಲ್ಲ ಟಾಪು ಇಳಿಸು, ಟಾಪು ಇಳಿಸು ಎಂದು ನಿನ್ನ ಬೆನ್ನು ಬಿದ್ದರು. ಊರಲ್ಲಿ ಕ್ಯಾಬಿನ್ನಿನ ಟಾಪು ಕೊಯ್ದು ಇಳಿಸುವುದಕ್ಕೆ ನನ್ನಷ್ಟು ಕೈಪಳಗಿದವನು ಇನ್ನೊಬ್ಬನಿಲ್ಲ, ನನ್ನ ಮಗನೇ ಎತ್ತರದ ಟೋಪಿ ಹಾಕಿಕೊಂಡವನ ಹಾಗೆ ಕಾಣುವ ಗಾಡಿಯಲ್ಲಿ ಓಡಾಡುತ್ತಾನೆ ಎಂದು ನನಗೂ ಇರುಸುಮುರುಸಾಗುತ್ತಿತ್ತು. ನೀನು ಜಗ್ಗಲಿಲ್ಲ. "ನನ್ ಎತ್ತರ ನೋಡು ಅಪ್ಪಾ, ಟಾಪು ಇಳಿಸಿದ್ರೆ ಕುತ್ತಿಗೆ ಮಡಚ್ಕೊಂಡ್ ಕೂರ್ಬೇಕು" ಎಂದೆ. ನಿಜವೇ. ನಿನ್ನ ಅಮ್ಮನ ಕಡೆಯವರ ಎತ್ತರ ನಿನ್ನದು. ನಮ್ಮ ಗಾಡಿ ರಿಪೇರಿ ಅಂಗಡಿಯಲ್ಲಿ ಒಂದು ಪದ್ಧತಿಯಿದೆ, ನನ್ನ ಅಪ್ಪನ ಕಾಲದಿಂದಲೂ ಇದೆ. ಟಾಪು ಕೊಯ್ಯುವ ಮೊದಲು ಗಾಡಿಯ ಯಜಮಾನನನ್ನು ಸೀಟಿನಲ್ಲಿ ಕೂರಿಸಬೇಕು. ಅವನು ದಿನವೂ ಹಾಕುವ ಟೋಪಿಯನ್ನೇ ಹಾಕಿರಬೇಕು. ಟೋಪಿಯ ಮೇಲೆ ಅವನದೇ ಅಂಗೈ ಇಡಿಸಿ, ಅಂಗೈಯ ಮೇಲ್ಭಾಗಕ್ಕೆ ಸೀಮೆಸುಣ್ಣದ ಗೆರೆ. ಟಾಪು ಆ ಗೆರೆಗೆ ಇಳಿಯುತ್ತದೆ, ಅದಕ್ಕಿಂತ ಕೆಳಗಲ್ಲ. ಯಾರ ತಲೆಗೆ ಗೆರೆ ಹಾಕಿದೆವೋ ಗಾಡಿ ಅವನದು. ಆಮೇಲೆ ಕೈ ಬದಲಾಗಬಹುದು, ಆದರೆ ಇದು ಇಂಥವನ ಗಾಡಿ ಎಂದೇ ಊರು ಹೇಳುತ್ತದೆ. ಇದನ್ನು ನಿನಗೆ ಹೇಳಬೇಕಾಗಿಲ್ಲ, ಚಿಕ್ಕಂದಿನಲ್ಲಿ ಸೀಮೆಸುಣ್ಣ ಹಿಡಿದು ನಿಲ್ಲುತ್ತಿದ್ದವನು ನೀನೇ.

ನೀನು ಮಗುಚಿದ ಕಾಲುವೆಯಿಂದ ಎತ್ತಿ ತಂದ ಮೇಲೆ ಗಾಡಿ ಅಂಗಡಿಯ ಹಿಂದೆ ಟಾರ್ಪಾಲಿನ್ ಹೊದ್ದು ಬಿದ್ದಿತ್ತು. ಬಲಗಡೆಯ ಮುಂದಿನ ಕಂಬ ಮಡಚಿ ಕೂತಿತ್ತು, ಟಾಪಿನ ಆ ಮೂಲೆ ಒಳಕ್ಕೆ ಕುಸಿದಿತ್ತು. ಉಳಿದ ಮೂರು ಕಂಬಗಳಿಗೆ ಏನೂ ಆಗಿರಲಿಲ್ಲ. ನಮ್ಮ ಪಕ್ಕದ ಮನೆಯ ಓಟಿಸ್, ಎಣ್ಣೆ ಬಾವಿಯ ಕೆಲಸದಿಂದ ನಿವೃತ್ತನಾದ ಮೇಲೆ ದಿನವಿಡೀ ನನ್ನ ಅಂಗಡಿಯಲ್ಲೇ ಬಿದ್ದಿರುತ್ತಾನಲ್ಲ, ಅವನು ಟಾರ್ಪಾಲಿನ್ ಎತ್ತಿ ನೋಡಿ, ಜಾಕಿ ಕೊಟ್ಟು ಎತ್ತಿದರೆ ಎರಡು ದಿನದಲ್ಲಿ ನೆಟ್ಟಗಾಗುತ್ತದೆ, ಟಾಪು ಇಳಿಸುವುದಾದರೆ ಎರಡು ತಿಂಗಳ ಕೆಲಸ ಎಂದ. ಅವನು ಹೇಳಿದ್ದು ಸರಿ. ನೀನು ತಪ್ಪು ತಿಳಿಯಬಾರದೆಂದು ಸ್ಪಷ್ಟವಾಗಿ ಬರೆಯುತ್ತೇನೆ. ತಗಡು ಕೆಟ್ಟುಹೋಗಿತ್ತು, ಬೇರೆ ದಾರಿಯಿರಲಿಲ್ಲ ಎಂದೆಲ್ಲ ಸಮಾಧಾನ ಮಾಡಿಕೊಳ್ಳಬೇಡ. ನಾನು ಅದನ್ನು ನೆಟ್ಟಗೆ ಮಾಡಬಹುದಾಗಿತ್ತು. ನೀನು ಕೇಳಿದ ಹಾಗೇ ಮಾಡಬಹುದಾಗಿತ್ತು. ನಿನ್ನ ಪತ್ರ ಓದಿ ಮುಗಿಸಿ, ಕಾಫಿ ಕುಡಿದು, ಹೊರಗೆ ಹೋಗಿ ಟಾರ್ಪಾಲಿನ್ ಎಳೆದು ಹಾಕಿ, ಇಳಿಸುತ್ತೇನೆ ಎಂದು ಓಟಿಸ್‌ಗೆ ಹೇಳಿದೆ.

ಕೆಲಸ ಹೇಗೆ ನಡೆಯಿತೆಂದು ಕೇಳು, ನಿನಗೆ ಈ ಕೆಲಸ ಇಷ್ಟ. ಮೊದಲು ಸೀಟಿನ ಹಿಂದಿನ ಪೆಟ್ರೋಲ್ ಟ್ಯಾಂಕು ಕಳಚಿದೆವು. ಈ ಕಾಲದ ಹುಡುಗರು ಪೆಟ್ರೋಲ್ ಬಸಿದುಬಿಟ್ಟರೆ ಸಾಕು ಎಂದುಕೊಂಡು ಖಾಲಿ ಟ್ಯಾಂಕಿನ ಪಕ್ಕದಲ್ಲೇ ಬೆಂಕಿ ಹೊತ್ತಿಸುತ್ತಾರೆ, ಆಮೇಲೆ ಹುಬ್ಬಿಲ್ಲದೆ ಓಡಾಡುತ್ತಾರೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಕೆಟ್ಟದ್ದು, ಒಳಗೆ ಆವಿ ಕೂತಿರುತ್ತದೆ. ನಾವು ಅದಕ್ಕೆ ನೀರು ತುಂಬಿಸಿ ಬೇಲಿಯಾಚೆ ಇಟ್ಟೆವು. ಬಾಗಿಲುಗಳನ್ನು ಅವುಗಳ ಜಾಗದಲ್ಲೇ ಮುಚ್ಚಿ, ಕ್ಯಾಬಿನ್ನಿನ ಒಳಗೆ ಅಡ್ಡಕ್ಕೂ ಓರೆಗೂ ಕಬ್ಬಿಣದ ಪೈಪು ಬೆಸೆದೆವು. ಕಂಬ ಕೊಯ್ದ ಮೇಲೆ ಕ್ಯಾಬಿನ್ನು ಎಲ್ಲಿಗೂ ವಾಲಬಾರದು, ಒಂದು ನೂಲು ವಾಲಿದರೂ ಬಾಗಿಲು ಜನ್ಮದಲ್ಲಿ ಮುಚ್ಚುವುದಿಲ್ಲ. ಹಿಂದೊಮ್ಮೆ ಆತುರದಲ್ಲಿ ಪೈಪು ಹಾಕದೆ ಕೊಯ್ದು, ಆ ಕಪ್ಪು ಫೋರ್ಡಿನ ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಓಡಾಡುವ ಹಾಗೆ ಮಾಡಿದವನು ನೀನು. ಇದನ್ನು ರಾಯ್ಸ್‌ಗೆ ನೆನಪಿಸಿದೆ, ಅವನು ನಿನ್ನ ಪರ ವಹಿಸಿಕೊಂಡು, ಅದನ್ನು ಕೊಯ್ದದ್ದು ನಾನು, ಅಣ್ಣನಲ್ಲ ಎಂದ. ಸುಳ್ಳು ಹೇಳುವುದು ಅವನಿಗೆ ಬರುವುದಿಲ್ಲ, ಕಿವಿ ಕೆಂಪಾಗುತ್ತದೆ.

ಒಂದು ಶನಿವಾರ ಅಳತೆಗೆ ಕೂರಿಸಿದೆ. ಆ ದಿನ ನೋಡಲು ಬರುವವರು ಬಂದೇ ಬರುತ್ತಾರೆ, ಬೀದಿಯವರೆಲ್ಲ ಬಿಯರ್ ಬಾಟಲಿ ಹಿಡಿದುಕೊಂಡು ಬಂದರು. ಅಮ್ಮ ಹುರುಳಿಕಾಯಿಯೂ ಹಂದಿಮಾಂಸವೂ ಹಾಕಿ ಬೇಯಿಸಿದ ದೊಡ್ಡ ಪಾತ್ರೆ, ಜೋಳದ ಬ್ರೆಡ್ಡು ತಂದಿಟ್ಟು, ಕ್ಯಾಬಿನ್ನಿನ ಕಡೆ ನೋಡದೆ ಒಳಗೆ ಹೋದಳು. ಓಟಿಸ್ ಸೀಮೆಸುಣ್ಣ ಹಿಡಿದು, "ಏನಯ್ಯಾ ವರ್ಲಿನ್, ಯಾರ್ ತಲೆಗೆ ಕೊಯ್ತಾ ಇದೀಯ? ಯಜಮಾನ ಊರಲ್ಲೇ ಇಲ್ವಲ್ಲ" ಎಂದ. ಎಲ್ಲರೂ ಬಾಟಲಿ ಕೆಳಗಿಳಿಸಿದರು. ನಾನು ರಾಯ್ಸ್‌ನನ್ನು ಕರೆದೆ. ಅವನು ಬರಲಿಲ್ಲ. ಕೋಲು ಊರಿಕೊಂಡು ಬಾಗಿಲಲ್ಲೇ ನಿಂತ. ಬಾರೋ ಎಂದು ಮತ್ತೆ ಕರೆದೆ, ಅಲ್ಲಿಯವರೆಗೆ ಎರಡನೆಯ ಸಲ ಕರೆಸಿಕೊಂಡ ಹುಡುಗನಲ್ಲ, ಬಂದು ಏರಿ ಕೂತ. ಏರುವುದೇ ಅವನಿಗೊಂದು ಕೆಲಸ ಈಗ, ಮೊದಲು ಸೊಂಟ, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಡಬೇಕು. ಕೂತ. ಮೊದಲು ನಿನಗಿಂತ ಎರಡು ಬೆರಳು ಎತ್ತರವಿದ್ದ ಹುಡುಗನ ಟೋಪಿ ಸ್ಟಿಯರಿಂಗಿಗಿಂತ ಸ್ವಲ್ಪ ಮೇಲೆ ಬಂದಿತ್ತು. ಯಾರೂ ನಗಲಿಲ್ಲ. ಅಂಗೈ ಇಡೋ ಎಂದೆ. "ಅಪ್ಪಾ, ಈ ಅಳತೆಗೆ ಇಳಿಸಿದ್ರೆ ಅಣ್ಣ ಇದ್ರೊಳಗೆ ಕೂರೋಕಾಗಲ್ಲ" ಎಂದ. "ಅದಕ್ಕೇ ಕಣೋ" ಎಂದೆ. ಅಷ್ಟೂ ಜನರ ಮುಂದೆ ಎಂದೆ. ಓಟಿಸ್ ಗೆರೆ ಎಳೆಯಲಿಲ್ಲ, ಸೀಮೆಸುಣ್ಣ ನನ್ನ ಕೈಗೆ ಕೊಟ್ಟು ಹೋಗಿ ಕೂತ. ನಾನೇ ಎಳೆದೆ.

ಅದು ಟಾಪು ಬಂದು ನಿಲ್ಲುವ ಗೆರೆ. ಟಾಪು ಇಳಿಸುವುದಕ್ಕೆ ಕೆಳಗೂ ಒಂದು ಗೆರೆ ಬೇಕು, ಟಾಪು ಇಳಿಯಬೇಕಾದಷ್ಟು ಪಟ್ಟಿಯನ್ನು ಅಲ್ಲಿಂದ ಮೇಲಕ್ಕೆ ಕೊಯ್ದು ತೆಗೆಯಬೇಕು ಎಂದು ನಿನಗೆ ಗೊತ್ತು. ಕೆಳಗಿನ ಗೆರೆ ಹಾಕುವ ಕೆಲಸವೇ ಇರಲಿಲ್ಲ. ಅದು ಆಗಲೇ ಆಗಿತ್ತು. ಆ ಬಲಗಡೆಯ ಮುಂದಿನ ಕಂಬದಲ್ಲಿ ಹ್ಯಾಕ್ಸಾ ಗರಗಸದ ಬ್ಲೇಡಿನಿಂದ ಕೊಯ್ದ ಗಾಯವಿತ್ತು. ಅದನ್ನು ಕೊಯ್ದಾಗ ನೀನು ಅಲ್ಲಿರಲಿಲ್ಲ, ಕೋರ್ಟಿನಲ್ಲೂ ಯಾರೂ ಅದನ್ನು ಕೇಳಲಿಲ್ಲ, ಅದಕ್ಕೆ ಈಗ ಹೇಳುತ್ತೇನೆ. ಹತ್ತಿಯ ಹೊಲಕ್ಕೆ ನೀರು ತಿರುಗಿಸಲು ಬೆಳಿಗ್ಗೆ ಬಂದ ಆಳು ಕಾಲುವೆಯಲ್ಲಿ ಚಕ್ರ ಮೇಲಾಗಿದ್ದ ಗಾಡಿ ನೋಡಿ ಫೋನು ಮಾಡಿಸಿದ. ನಾನು ಹೋದಾಗ ರಾಯ್ಸ್ ಒಳಗಿದ್ದ. ಕುಸಿದ ಟಾಪಿಗೂ ಸೀಟಿಗೂ ನಡುವೆ ಅವನ ಬೆನ್ನು ಸಿಕ್ಕಿಕೊಂಡಿತ್ತು, ಗಲ್ಲದವರೆಗೆ ನೀರು. ಗ್ಯಾಸ್ ಕಟರು ನನ್ನ ಗಾಡಿಯಲ್ಲೇ ಇತ್ತು, ಒಂದು ನಿಮಿಷದ ಕೆಲಸ. ಆದರೆ ಟ್ಯಾಂಕಿನ ಮುಚ್ಚಳ ಕಿತ್ತುಬಂದು ಪೆಟ್ರೋಲ್ ನೀರಿನ ಮೇಲೆ ಬಣ್ಣಬಣ್ಣವಾಗಿ ಹರಡಿತ್ತು. ಬೆಂಕಿ ತೋರಿಸುವ ಹಾಗಿರಲಿಲ್ಲ. ಸೊಂಟದವರೆಗೆ ನೀರಿನಲ್ಲಿ ನಿಂತು ಹ್ಯಾಕ್ಸಾದಿಂದ ಕೊಯ್ದೆ. ಬ್ಲೇಡು ಮುರಿಯಿತು, ಇನ್ನೊಂದು ಹಾಕಿದೆ. ನನ್ನ ಒಂದೊಂದು ಎಳೆತಕ್ಕೂ ಅವನ ಬೆನ್ನು ಅದುರುತ್ತಿತ್ತು, ಅವನು ಹಲ್ಲು ಕಚ್ಚಿಕೊಂಡಿದ್ದ. ಅವನು ಆಗ ನನ್ನನ್ನು ಕೇಳಿದ್ದು ಒಂದೇ ಮಾತು. "ಅಣ್ಣ ಸಿಕ್ಕಿದ್ನಾ ಅಪ್ಪಾ? ಅವನ್ನ ನೀರು ಎಳ್ಕೊಂಡ್ ಹೋಗಿರ್ಬೇಕು, ಮೊದ್ಲು ಅವನ್ನ ಹುಡ್ಕು." ನೀನು ಮುಳುಗಿ ಸತ್ತೆ ಎಂದುಕೊಂಡು ಅವನು ಬೆಳಗಿನವರೆಗೆ ಆ ನೀರಿನಲ್ಲಿ ಅಳುತ್ತಿದ್ದ.

ನೀನು ಮುಳುಗಿರಲಿಲ್ಲ. ಕುಡಿದಿದ್ದು ಗೊತ್ತಾಗುತ್ತದೆ ಎಂಬ ಭಯಕ್ಕೆ ಹೊಲದ ಅಡ್ಡದಾರಿ ಹಿಡಿದು ಮನೆಗೆ ನಡೆದು ಬಂದು ನಿನ್ನ ಹಾಸಿಗೆಯಲ್ಲಿ ಮಲಗಿದ್ದೆ. ಹಾದಿಯಲ್ಲಿ ದೀಪ ಉರಿಯುವ ಎಷ್ಟೋ ಮನೆಗಳಿದ್ದವು, ಒಂದರ ಬಾಗಿಲನ್ನೂ ತಟ್ಟಲಿಲ್ಲ. ಬೆಳಿಗ್ಗೆ ಅಮ್ಮ ಎದ್ದು ಹಿತ್ತಿಲ ಬಾಗಿಲಲ್ಲಿ ಕೆಸರು ಮೆತ್ತಿದ ನಿನ್ನ ಬೂಟು ನೋಡಿ, ಹುಡುಗ ಎಲ್ಲೋ ಕೆಸರು ತುಳಿದು ಬಂದಿದ್ದಾನೆ ಎಂದು ತೊಳೆದು ಬಿಸಿಲಿಗಿಟ್ಟಳು. ಅವಳು ಬೂಟು ತೊಳೆಯುತ್ತಿದ್ದ ಹೊತ್ತಿಗೇ ಫೋನು ಬಂದದ್ದು. ಬೇಗ ಎತ್ತಿದ್ದರೆ ಬೆನ್ನು ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗುವುದಿಲ್ಲ ಎಂದ. ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ನಾನು ಹೌದು ಎಂದೇ ಇಟ್ಟುಕೊಂಡಿದ್ದೇನೆ. ಗಾಡಿ ಮಗುಚಿದ್ದಕ್ಕೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಕುಡಿದು ಗಾಡಿ ಓಡಿಸಿದವನೇ, ಊರೆಲ್ಲ ಓಡಿಸುತ್ತದೆ. ಹಾಸಿಗೆಯಲ್ಲಿ ಮಲಗಿದ್ದೆಯಲ್ಲ, ಅದಕ್ಕೆ. ನಿದ್ದೆ ಬಂದಿತ್ತಲ್ಲ ನಿನಗೆ, ಅದಕ್ಕೆ. ನಾನು ಬಂದು ಎಬ್ಬಿಸಿದಾಗ ಗೊರಕೆ ಹೊಡೆಯುತ್ತಿದ್ದೆ.

ಆ ಕೊಯ್ತವನ್ನೇ ಕೆಳಗಿನ ಗೆರೆಯಾಗಿ ಇಟ್ಟುಕೊಂಡು ಉಳಿದ ಮೂರು ಕಂಬಗಳಿಗೂ ಅದೇ ಮಟ್ಟದಲ್ಲಿ ದಾರ ಕಟ್ಟಿದೆ. ಕೊಯ್ದು ತೆಗೆದ ಪಟ್ಟಿ ಐದೂವರೆ ಅಂಗುಲ ಬಂತು. ಇಷ್ಟು ಇಳಿಸಿದ್ದು ನನ್ನ ಕೈಯಲ್ಲಿ ಇದೇ ಮೊದಲು, ಮೂರಕ್ಕೆ ನಾಲ್ಕಕ್ಕೆ ಎಲ್ಲರೂ ನಿಲ್ಲಿಸುತ್ತಾರೆ. ನಾಲ್ಕು ಜನ ಟಾಪು ಎತ್ತಿ ಹಿಡಿದು ಇಳಿಸಿದಾಗ ಅದು ಕಂಬಗಳಿಗೆ ಸಿಗಲಿಲ್ಲ, ಸಿಗುವುದೂ ಇಲ್ಲ. ಕಂಬಗಳು ಮೇಲೆ ಹೋದ ಹಾಗೆ ಒಳಕ್ಕೆ ವಾಲುತ್ತವೆ, ಕೊಯ್ದರೆ ಬುಡ ಅಗಲ, ಟಾಪು ಚಿಕ್ಕದು. ಟಾಪನ್ನು ನಾಲ್ಕು ತುಂಡು ಮಾಡಿ, ನಾಲ್ಕು ಮೂಲೆಗೂ ಕೂರಿಸಿ, ನಡುವಿನ ಸಂದಿಗೆ ಹೊಸ ತಗಡು ಕೊಟ್ಟು ಬೆಸೆದೆ. ಬೆರಳಗಲ ಬೆಸೆಯುವುದು, ಒದ್ದೆ ಬಟ್ಟೆ ಒತ್ತುವುದು, ಇನ್ನೊಂದು ಮೂಲೆಗೆ ಹೋಗುವುದು. ಒಂದೇ ಕಡೆ ಬಿಸಿ ಮಾಡಿದರೆ ತಗಡು ಹಪ್ಪಳವಾಗುತ್ತದೆ. ಗಾಜನ್ನು ರಾಯ್ಸ್ ಕತ್ತರಿಸಿದ. ಕೂತು ಮಾಡುವ ಕೆಲಸವಾದ್ದರಿಂದ ಅವನಿಗೆ ಸರಿಹೋಯಿತು. ಮೊದಲನೆಯ ತುಂಡು ಒಡೆಯಿತು, ಎರಡನೆಯದು ಗೆರೆ ಹೊಡೆದ ಹಾಗೆ ಬಂತು. ಅವನ ಮುಖದಲ್ಲಿ ಆಗ ಒಂದು ನಗು ಕಂಡಿತು, ಆ ನಗುವನ್ನು ನಾನು ನೋಡಿ ಬಹಳ ದಿನವಾಗಿತ್ತು. ಆ ಶನಿವಾರದ ಮೇಲೆ ಕೆಲಸ ನಡೆದಷ್ಟು ದಿನವೂ ಅಮ್ಮ ಅಂಗಡಿಗೆ ಬರಲಿಲ್ಲ. ಕಡೆಯ ಬೆಸುಗೆಯ ದಿನ ಬಂದು, ಕೈಯನ್ನು ಮೇಲಂಗಿಯಲ್ಲಿ ಒರೆಸಿಕೊಳ್ಳುತ್ತಾ, "ವರ್ಲಿನ್, ಅವನು ಬಂದಾಗ ಇದನ್ನ ನೋಡಿ ಏನಂತಾನೆ?" ಎಂದಳು. ಬಂದಾಗ ನೋಡೋಣ ಎಂದೆ. ಅವಳಿಗೆ ಆ ಮಾತು ಸಮಾಧಾನವಾಯಿತು, ಬಂದಾಗ ಎಂಬ ಶಬ್ದ ನನ್ನ ಬಾಯಲ್ಲಿ ಬಂತಲ್ಲ ಎಂದು.

ಗಾಡಿ ಎಷ್ಟು ಚೆನ್ನಾಗಿ ಬಂದಿದೆಯೆಂದರೆ ಡೆಲ್ಬರ್ಟ್, ನಿನ್ನ ಹೊಟ್ಟೆ ಉರಿಯುತ್ತದೆ. ಕಿಟಕಿಗಳು ಕಣ್ಣು ಕಿರಿದು ಮಾಡಿ ನೋಡುವವನ ಹಾಗೆ ಸಣ್ಣಗಾಗಿವೆ, ನಿಂತಲ್ಲೇ ಓಡುವ ಹಾಗೆ ಕಾಣುತ್ತದೆ. ಬೇಕರ್ಸ್‌ಫೀಲ್ಡಿನಿಂದ ಜನ ನೋಡಲು ಬರುತ್ತಿದ್ದಾರೆ. ಓಟಿಸ್ ಒಮ್ಮೆ ಏರಲು ಹೋಗಿ ಹಣೆ ಬಡಿಸಿಕೊಂಡ. ಅವನು ನಿನ್ನ ಕಿವಿಯವರೆಗೂ ಬರುವುದಿಲ್ಲ. ನೀನು ಕೂತರೆ ಹೇಗಿರಬಹುದೆಂದು ಊಹಿಸಿಕೊಂಡೆ, ಮಂಡಿ ಗಲ್ಲಕ್ಕೆ, ತಲೆ ಹೆಗಲಿಗೆ, ಎಷ್ಟು ಮಡಚಿದರೂ ಬಾಗಿಲು ಮುಚ್ಚುವುದಿಲ್ಲ. ಊಹಿಸಿಕೊಂಡು ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ. ರಾಯ್ಸ್ ಅದನ್ನು ನದಿಯ ಸೇತುವೆ ದಾಟಿಸಿ, ಎಣ್ಣೆ ಪಂಪುಗಳ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿಕೊಂಡು ಬಂದ. ಬೇರೆ ಯಾವ ಗಾಡಿಯಲ್ಲಿ ಕೂತರೂ ಅವನು ದೊಡ್ಡವರ ಕುರ್ಚಿಯಲ್ಲಿ ಕೂತ ಮಗುವಿನ ಹಾಗೆ ಕಾಣುತ್ತಾನೆ. ಇದರಲ್ಲಿ ಮಾತ್ರ ಸರಿಯಾಗಿ ಕಾಣುತ್ತಾನೆ. ಹೊರಗಿನಿಂದ ನೋಡಿದವರಿಗೆ ಅವನ ಬೆನ್ನು ಗೊತ್ತೇ ಆಗುವುದಿಲ್ಲ. ಸೇತುವೆಯ ಹತ್ತಿರ ಯಾವಳೋ ಹುಡುಗಿ ಕೈ ಬೀಸಿದಳಂತೆ. ಅವನು ವಾಪಸು ಬೀಸಲಿಲ್ಲ, ಇಳಿದ ಮೇಲೆ ಅವಳಿಗೆ ಗೊತ್ತಾಗುತ್ತದಲ್ಲ ಅಪ್ಪಾ ಎಂದ. ಇದನ್ನೂ ನಿನಗೆ ಬರೆಯಬೇಕೆನಿಸಿತು, ಬರೆದಿದ್ದೇನೆ.

ನಿನ್ನ ತಮ್ಮ ನಿನ್ನ ಮೇಲೆ ಏನೂ ಇಟ್ಟುಕೊಂಡಿಲ್ಲ. ನೀನು ಮನೆಗೆ ಬರುತ್ತೀಯ ಎಂದು ಕುಣಿಯುತ್ತಿದ್ದಾನೆ, ಕುಣಿಯಲು ಬಂದಷ್ಟು. ಗಾಡಿಯ ಕೆಲಸ ಮುಗಿದ ದಿನ ನನ್ನ ಹತ್ತಿರ ಕೂತು, "ಅವನು ಹೆದ್ರಿದ್ದ ಅಪ್ಪಾ, ಅಷ್ಟೇ. ನಾನೇ ಆಗಿದ್ರೂ ಹೆದರ್ತಿದ್ನೇನೋ. ಒಂದ್ ಸಲ ನೀನು ಅವನ್ನ ನೋಡೋಕೆ ಹೋಗ್ಬಾ" ಎಂದ. "ನೀನು ಹೆದರ್ತಿರ್ಲಿಲ್ಲ ಕಣೋ" ಎಂದು ಅವನಿಗೆ ಹೇಳಿದೆ. ಅವನ ಕಿವಿ ಕೆಂಪಾಯಿತು. ಅಮ್ಮನದೂ ಅದೇ ರಾಗ. ದೇವರು ಕ್ಷಮಿಸು ಎಂದಿದ್ದಾನೆ ಎನ್ನುತ್ತಾಳೆ. ಅವರಿಬ್ಬರೂ ನಿನ್ನನ್ನು ಕ್ಷಮಿಸಿದ್ದಾರೆ, ಒಬ್ಬಳು ಹೆತ್ತವಳು, ಒಬ್ಬ ಬೆನ್ನು ಮುರಿದುಕೊಂಡವನು. ಅವರ ಕ್ಷಮೆ ಅವರದು, ನನ್ನನ್ನು ಕೇಳಿ ಕೊಟ್ಟದ್ದಲ್ಲ. ಅವರು ಕೊಟ್ಟಷ್ಟೂ ನನಗೆ ಒಳಗೆ ಇನ್ನಷ್ಟು ಗಟ್ಟಿಯಾಗುತ್ತದೆ. ಈ ಮನೆಯಲ್ಲಿ ಯಾರಾದರೂ ಒಬ್ಬರು ರಾಯ್ಸ್‌ನ ಪರವಾಗಿ ಸಿಟ್ಟು ಇಟ್ಟುಕೊಂಡಿರಬೇಕು, ಅವನೇ ಇಟ್ಟುಕೊಳ್ಳುವುದಿಲ್ಲವಲ್ಲ. ನೀನೂ ನನ್ನ ಮಗನೇ, ಮರೆತಿಲ್ಲ. ಮೊದಲು ಹುಟ್ಟಿದವನು ನೀನು, ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತೋರಿಸಿದ್ದು ನಿನ್ನನ್ನೇ. ಆ ಹೆಗಲೇ ಈಗ ಉರಿಯುತ್ತದೆ.

ಇಷ್ಟು ಬರೆಯುವ ಹೊತ್ತಿಗೆ ಕೈ ಸೋತಿತು. ಬೆಸುಗೆ ಹಾಕುವುದೇ ಸುಲಭ. ಇಲ್ಲಿ ಬೆಳಗಿನ ಮಂಜು ಶುರುವಾಗಿದೆ, ನಿನ್ನ ಕಡೆಯೂ ಚಳಿಯಿರಬೇಕು, ಕಾಲುಚೀಲ ಹಾಕಿಕೊ. ಆ ಡಾಕ್ಟರು ಇನ್ನೊಂದು ಹಲ್ಲು ಕೀಳುತ್ತೇನೆಂದರೆ ಯಾವುದೆಂದು ಬೆರಳಿಟ್ಟು ತೋರಿಸು. ಅಮ್ಮ ತನ್ನ ಪ್ರೀತಿ ತಿಳಿಸಿದ್ದಾಳೆ, ರಾಯ್ಸ್ ತನ್ನ ಪ್ರೀತಿ ತಿಳಿಸಿದ್ದಾನೆ, ಓಟಿಸ್ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದ್ದಾನೆ. ದೇವರು ನಿನಗೆ ಒಳ್ಳೆಯ ಆರೋಗ್ಯ ಕೊಡಲಿ, ಒಳ್ಳೆಯ ಆಯಸ್ಸು ಕೊಡಲಿ, ಮತ್ತು ಕೊಟ್ಟ ಆಯಸ್ಸಿನ ಒಂದು ದಿನವೂ ಆ ರಾತ್ರಿಯನ್ನು ಮರೆಯಲು ಬಿಡದಿರಲಿ.

ನಿನ್ನ ಅಪ್ಪ,
ವರ್ಲಿನ್

ಮರೆತೆ. ಆ ಅಧಿಕಾರಿ ಮಂಗಳವಾರ ಬಂದಿದ್ದ. ಮನೆಗೆ ಹೋಗುವ ಮೊದಲು ಅಂಗಡಿಗೆ ಬಂದ, ಹಾಗಾಗಿ ಮನೆಗೆ ಹೋಗುವ ಅಗತ್ಯ ಬೀಳಲಿಲ್ಲ. ಜಾಗವಿದೆಯೇ ಎಂದ, ಇಲ್ಲ ಎಂದೆ. ಇದು ಮನೆಯವರೆಲ್ಲರ ಮಾತೇ ಎಂದ, ಹೌದು ಎಂದೆ. ಅಮ್ಮನಿಗೂ ರಾಯ್ಸ್‌ಗೂ ಅವನು ಬಂದದ್ದೇ ಗೊತ್ತಿಲ್ಲ. ಅಮ್ಮ ನಿನ್ನ ಕೋಣೆಗೆ ಹೊಸ ಪರದೆ ಹೊಲಿಯುತ್ತಿದ್ದಾಳೆ, ನಿನ್ನ ಕಾಲು ಹೊರಗೆ ಚಾಚುತ್ತದೆಂದು ಮಂಚಕ್ಕೆ ಒಂದು ಹಲಗೆ ಸೇರಿಸಿಕೊಡು ಎಂದು ನನ್ನನ್ನೇ ಕೇಳಿದಳು, ಸೇರಿಸಿಕೊಟ್ಟೆ. ನಾನು ಇಲ್ಲ ಎಂದದ್ದು ತಿಳಿದರೆ ಅವಳು ನನ್ನ ಜೊತೆ ಬಾಳುವುದಿಲ್ಲ, ರಾಯ್ಸ್‌ನನ್ನು ನೋಡಿಕೊಳ್ಳಲು ಇಬ್ಬರೂ ಬೇಕು. ಆದ್ದರಿಂದ ನೀನೇ ಅವಳಿಗೆ ಬರೆ, ಮನೆಗೆ ಬರಲು ನಿನಗೇ ಇಷ್ಟವಿಲ್ಲ, ಇನ್ನು ಪತ್ರ ಹಾಕಬೇಡಿ ಎಂದು. ಕಟುವಾಗಿ ಬರೆ. ಮೆತ್ತಗೆ ಬರೆದರೆ ಅವಳು ಬಸ್ಸು ಹತ್ತಿ ನಿನ್ನನ್ನು ಕರೆತರಲು ಹೊರಟುಬಿಡುತ್ತಾಳೆ.